ಕುರುಬರಹಳ್ಳಿಯ ರಿಲೇ, ಕೊಟ್ಟಿಗೆಹಾರದ ಮಂಜು

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಇನ್ನೂ ಗಟ್ಟಿಯಾಗಿದೆ. ಮುಂದಿನ ಗುಂಡು ದೀಪಗಳು ಮಾತ್ರ ಮಂಕಾಗಿ ಅರಿಸಿನ ಬಣ್ಣಕ್ಕೆ ತಿರುಗಿದ್ದವು. ಕೊಟ್ಟಿಗೆಹಾರಕ್ಕೆ ಹೊರಡುವ ಮುನ್ನ ಕಾರನ್ನು ಕುರುಬರಹಳ್ಳಿ ಸರ್ಕಲ್ ಹತ್ತಿರ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಬಳಿ ನಿಲ್ಲಿಸಿದೆ. 100/90 ವಾಟಿನ ಬಲ್ಬ್ ಹಾಕಿಸಿ ಎಂದು ಸ್ನೇಹಿತರು ಹೇಳಿದ್ದರು. ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ.

‘ಬಲ್ಬ್‌ದೇನೂ ತಪ್ಪಿಲ್ಲ ಸಾರ್. ಕರೆಂಟೇ ಅಲ್ಲೀತನಕ ಹೋಗಿ ಸೇರ್ತಿಲ್ಲ, ನೋಡಿ’ ಎಂದು ಮಲ್ಟಿಮೀಟರ್ ಹಿಡಿದರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 11.6. ಎರಡು ವೋಲ್ಟ್ ತಾನೇ ಎನ್ನುವಂತಿಲ್ಲ. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ. ನಮ್ಮ ಕಾರಿನಲ್ಲಿ ಹೆಚ್ಚುಕಡಿಮೆ ಅರ್ಧ ಬೆಳಕು ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಕಳೆಯುತ್ತಿದ್ದದ್ದು ಸ್ಟೀರಿಂಗ್ ಕೆಳಗಿನ ಸ್ವಿಚ್ಚಿನಲ್ಲಿ, ಕಿಲುಬು ಹಿಡಿದ ಕಪ್ಲರುಗಳಲ್ಲಿ, ಸಣ್ಣ ವೈರಿನಲ್ಲಿ, ತುಕ್ಕು ತಿಂದ ಅರ್ಥ್ ಬೋಲ್ಟಿನಲ್ಲಿ. 60/55 ವಾಟಿನ ಎರಡು ಬಲ್ಬುಗಳಿಗೆ ಬೇಕಾದ ಒಂಬತ್ತು ಹತ್ತು ಆಂಪಿಯರ್ ಇಷ್ಟೆಲ್ಲ ದಾಟಿ ಹೋಗಬೇಕು. ಅದೇ ವೈರಿಗೆ 100 ವಾಟಿನ ಬಲ್ಬ್ ಕಟ್ಟಿದರೆ ಸ್ವಿಚ್ ಕರಗುತ್ತದೆ, ಎದುರಿಗೆ ಬರುವವನ ಕಣ್ಣು ಕುರುಡಾಗುತ್ತದೆ. ಕಾನೂನೂ ಅದಕ್ಕೆ ಒಪ್ಪುವುದಿಲ್ಲ.

ಅವರು ಜೆ.ಸಿ. ರಸ್ತೆಯಿಂದ ತರಿಸಿದ್ದ ಎರಡು ರಿಲೇಗಳನ್ನು ತೆಗೆದರು, ಡಿಮ್ಮಿಗೊಂದು, ಹೈ ಬೀಮಿಗೊಂದು. ಬ್ಯಾಟರಿಯಿಂದ ಫ್ಯೂಸ್ ದಾಟಿ ದಪ್ಪ ವೈರು 30ನೇ ಕಾಲಿಗೆ. 87ರಿಂದ ನೇರ ಬಲ್ಬಿಗೆ. ದೀಪಕ್ಕೆ ಹೋಗುತ್ತಿದ್ದ ಹಳೆಯ ವೈರು 86ಕ್ಕೆ, 85 ಅರ್ಥ್‌ಗೆ. ಈಗ ಹಳೆಯ ಸ್ವಿಚ್ಚಿನ ಕೆಲಸ ಒಳಗಿನ ಸುರುಳಿಯನ್ನು ಎಬ್ಬಿಸುವುದಷ್ಟೆ. ಅದಕ್ಕೆ ಆಂಪಿಯರಿನ ಐದನೇ ಒಂದು ಭಾಗ ಸಾಕು. 19ನೇ ಶತಮಾನದ ತಂತಿ ಸಮಾಚಾರದಲ್ಲೂ ಇದೇ ಉಪಾಯವಿತ್ತು. ದೂರದಿಂದ ಬಂದು ಸೊರಗಿದ ಸಂಕೇತ ಒಂದು ಸುರುಳಿಯನ್ನು ತಟ್ಟಿದರೆ, ಅಲ್ಲಿನ ಹೊಸ ಬ್ಯಾಟರಿ ಮುಂದಿನ ತಂತಿಗೆ ಬಲ ಕೊಡುತ್ತಿತ್ತು.

ಹೋಲ್ಡರಿನಲ್ಲಿ ಈಗ 13.4. ಅಷ್ಟಕ್ಕೇ ಅವರು ಕಾರು ಬಿಡಲಿಲ್ಲ. ಡಿಕ್ಕಿಗೆ ನಮ್ಮ ಸಾಮಾನು ತುಂಬಿಸಿ, ಹಿಂದಿನ ಸೀಟಿನಲ್ಲಿ ಜನರನ್ನು ಕೂರಿಸಿ, ಗೋಡೆಯೆದುರು ನಿಲ್ಲಿಸಿ ಬೆಳಕಿನ ಎತ್ತರ ಸರಿಮಾಡಿದರು. ಹಿಂಭಾಗ ತಗ್ಗಿದರೆ ದೀಪ ಆಕಾಶ ನೋಡುತ್ತದಂತೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸಿದ್ದು ಇದು.

ಕಾರ್ಡ್ ರೋಡು, ಗೊರಗುಂಟೆಪಾಳ್ಯ, ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ಹಗಲಿನಲ್ಲೇ ಕಳೆದವು. ಹಾಸನ ದಾಟಿ ಬೇಲೂರಿನ ದಾರಿಗೆ ಬಿದ್ದಾಗ ಕತ್ತಲಾಯಿತು. ಅಲ್ಲಿ ರಸ್ತೆಗೆ ವಿಭಜಕವಿರಲಿಲ್ಲ, ಬೀದಿದೀಪವಿರಲಿಲ್ಲ. ಹಿಂದೆ ಟಾರಿನ ಅಂಚು ತಿಳಿಯದೆ ಕುತ್ತಿಗೆ ಚಾಚಿ ಓಡಿಸುತ್ತಿದ್ದ ನನಗೆ ಈಗ ಎಡಗಡೆ ನಡೆದುಹೋಗುವ ಮನುಷ್ಯ, ಯಾರೋ ಹಗ್ಗ ಹಿಡಿದು ಎಳೆಯುತ್ತಿದ್ದ ದನ, ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರು ಹೊತ್ತಿಗೆ ಮುಂಚೆಯೇ ಕಂಡವು. ಹಾಸನದ ಕಡೆಗೆ ಬರುತ್ತಿದ್ದ ಒಂದು ಬಸ್ಸೂ ನಮ್ಮತ್ತ ದೀಪ ಮಿಟುಕಿಸಲಿಲ್ಲ.

ಬೇಲೂರಿನಿಂದಾಚೆ ಕಾಫಿ ತೋಟಗಳು, ಸಿಲ್ವರ್ ಓಕ್ ಸಾಲು. ಮೂಡಿಗೆರೆಯಲ್ಲಿ, ತಮ್ಮ ಸ್ಕೂಟರನ್ನು ತಾವೇ ಬಿಚ್ಚಿ ರಿಪೇರಿ ಮಾಡಿಕೊಳ್ಳುತ್ತಿದ್ದ ಆ ಊರಿನ ಲೇಖಕ ಪೂರ್ಣಚಂದ್ರ ತೇಜಸ್ವಿ ನೆನಪಾದರು. ಕುರುಬರಹಳ್ಳಿಯ ಆ ಮೆಕ್ಯಾನಿಕ್ ಅವರಿಗೆ ಸಿಕ್ಕಿದ್ದರೆ ಇಬ್ಬರೂ ಬಾನೆಟ್ ಮುಚ್ಚುತ್ತಲೇ ಇರಲಿಲ್ಲ. ಕೊಟ್ಟಿಗೆಹಾರಕ್ಕೆ ಮುಂಚೆ ಮಂಜು ಇಳಿಯಿತು. ಅದರಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಬಿಳಿಗೋಡೆಯಾಗಿ ಕಣ್ಣಿಗೇ ವಾಪಸು ಬರುತ್ತದೆ. ಡಿಮ್ಮಿನಲ್ಲೇ, ರಸ್ತೆಯಂಚನ್ನು ಹಿಡಿದು ನಿಧಾನವಾಗಿ ಸಾಗಿದೆವು.

ಹೋಟೆಲಿನ ಮುಂದೆ ಹಳೆಯ ಜೀಪಿನವನೊಬ್ಬ ಬಂದು, ‘ಎಂತ ಬಲ್ಬ್ ಸಾರ್ ಇದು, ಎಲ್‌ಇಡಿಯಾ?’ ಎಂದ. ಬಾನೆಟ್ ಎತ್ತಿ ತೋರಿಸಿದೆ. ತಟ್ಟೆಯಲ್ಲಿ ನೀರುದೋಸೆ ಆರುತ್ತಿದ್ದರೂ ಬಿಡದೆ, ಒಂದೊಂದು ವೈರೂ ಎಲ್ಲಿಂದ ಎಲ್ಲಿಗೆ ಎಂದು ಕೇಳಿ, ಬಿಲ್ಲಿನ ಹಿಂದೆ ಬರೆದುಕೊಂಡ: 30 ಬ್ಯಾಟರಿ, 87 ಬಲ್ಬು, 86 ಹಳೇ ವೈರು, 85 ಅರ್ಥ್.