ಯಾವ ಕತ್ತಲೆಗೆ ಯಾವ ಬ್ಯಾಟರಿ?

ಬ್ಯಾಟರಿ ಕೊಳ್ಳಲು ಹೋದರೆ ಅಂಗಡಿಯ ಹುಡುಗ ಮೊದಲು ತೋರಿಸುವುದು ಡಬ್ಬಿಯ ಮೇಲಿನ ಲೂಮೆನ್ ಅಂಕಿ, ಅಂದರೆ ಒಟ್ಟು ಬೆಳಕಿನ ಅಳತೆ. ಹಾಡಹಗಲಲ್ಲಿ ಟ್ಯೂಬ್‌ಲೈಟಿನ ಕೆಳಗೆ ಗೋಡೆಗೆ ಬೆಳಕು ಬಿಟ್ಟು ಬ್ಯಾಟರಿ ಆರಿಸುವುದೆಂದರೆ ಫೋಟೊ ನೋಡಿ ಸಂಬಂಧಕ್ಕೆ ಹೂಂ ಅಂದ ಹಾಗೆ. ಡಬ್ಬಿಯ ಮೇಲೆ ‘ಪೊಲೀಸ್’, ‘ಮಿಲಿಟರಿ’ ಅಂತಿದ್ದರೆ ರೇಟೂ ಒಂದು ಕೈ ಜಾಸ್ತಿ. ಆ ಅಕ್ಷರ ಹಾಕಿದವರು ಪೊಲೀಸರಲ್ಲ, ಪ್ರಿಂಟಿಂಗ್ ಪ್ರೆಸ್ಸಿನವರು.

ಪೊಲೀಸ್ ಕತ್ತಲೆ ಅಂದರೇನು ಅಂತ ನಮ್ಮ ಸೀಮೆಗೆ ಗೊತ್ತಾದದ್ದು 2024ರ ಜುಲೈಯಲ್ಲಿ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಕಡೆ ಒಂದು ಕೊಲೆ. ದಾವಣಗೆರೆ ಪೊಲೀಸರ ನಾಯಿ ತುಂಗಾ-2 ಜಾಡು ಹಿಡಿದು, ರಾತ್ರಿ ಮಳೆಯಲ್ಲೇ 8 ಕಿಲೋಮೀಟರ್ ಓಡಿ ಒಂದು ಮನೆ ಮುಟ್ಟಿಸಿತು. ಒಳಗೆ ಹೆಂಗಸೊಬ್ಬಳು ಏಟು ತಿನ್ನುತ್ತಿದ್ದಳು. ಆಕೆಯ ಜೀವ ಉಳಿಯಿತು, ಆರೋಪಿಯೂ ಸಿಕ್ಕಿಬಿದ್ದ. ಪತ್ರಿಕೆಗಳು ನಾಯಿಯ ಫೋಟೊ ಹಾಕಿದವು, ಹಾಕಬೇಕಾದ್ದೇ. ನನ್ನ ಯೋಚನೆ ಮಾತ್ರ ಅದರ ಹಿಂದೆ ಓಡಿದವರದ್ದು. ನಾಯಿಗೇನು, ಮೂಗು ಸಾಕು. ಮನುಷ್ಯನಿಗೆ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬೆಳಕು, ಕಾಲಡಿ ಕೆಸರು!

ಅಂಥ ಓಟದಲ್ಲಿ ಲೂಮೆನ್ ಲೆಕ್ಕ ಯಾರಿಗೆ ಬೇಕು? ಗುಂಡಿ ಹಿಂಬದಿಯಲ್ಲಿರಬೇಕು, ಒದ್ದೆ ಹೆಬ್ಬೆರಳು ತಡಕಾಡದೆ ಸಿಗುವಂತೆ. ಒತ್ತಿದ ತಕ್ಷಣ ಬೆಳಕು ಬರಬೇಕು. ಕೆಲವು ಬ್ಯಾಟರಿಗಳು ಮೊದಲು ಮಿಣಮಿಣ ಮಿಟುಕಿ, ಆಮೇಲೆ ಮಂಕಾಗಿ, ನಾಲ್ಕನೇ ಒತ್ತಿಗೆ ಸರಿದಾರಿಗೆ ಬರುತ್ತವೆ. ಅಷ್ಟರಲ್ಲಿ ಕಳ್ಳ ಹೊಲ ದಾಟಿರುತ್ತಾನೆ. ಮಳೆಯ ವಿಷಯಕ್ಕೆ ಡಬ್ಬಿಯ ಮೂಲೆಯ ಸಣ್ಣಕ್ಷರ ಓದಬೇಕು: ಐಪಿಎಕ್ಸ್4 ಅಂದರೆ ನೀರು ಸಿಡಿದರೆ ತಡೆದೀತು ಅಷ್ಟೆ, ಐಪಿಎಕ್ಸ್7 ಆದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ಬದುಕುತ್ತದೆ. ಇನ್ನು ‘ಐದು ಗಂಟೆ ಉರಿಯುತ್ತದೆ’ ಎಂಬುದು. ಅಳತೆಯ ನಿಯಮದಲ್ಲಿ, ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿಯುವವರೆಗಿನ ಹೊತ್ತೆಲ್ಲ ಉರಿದ ಲೆಕ್ಕವೇ. ಬಿಸಿಯೇರಿ ಕೆಲವೇ ನಿಮಿಷದಲ್ಲಿ ಅರ್ಧಕ್ಕಿಳಿದರೂ ಡಬ್ಬಿ ಸುಳ್ಳು ಹೇಳಿದ ಹಾಗಲ್ಲ.

ಕತ್ತಲೆಯೂ ತಾಲ್ಲೂಕಿಗೊಂದು. ಚನ್ನಗಿರಿಯ ಅಡಿಕೆ ತೋಟದಲ್ಲಿ ನಾಲ್ಕು ಹೆಜ್ಜೆಗೊಂದು ಮರ; ಕೋಲಿನಂಥ ಬೆಳಕು ಬಿಟ್ಟರೆ ಮುಂದಿನ ಕಾಂಡವೇ ಕಣ್ಣು ಕುಕ್ಕುತ್ತದೆ. ಅಲ್ಲಿಗೆ ಹರಡುವ ಬೆಳಕೇ ಸೈ. ಜಗಳೂರಿನ ಬಯಲಲ್ಲಿ, ಕೊಂಡುಕುರಿಗಳಿರುವ ರಂಗಯ್ಯನದುರ್ಗದ ಕಾಡಂಚಿನಲ್ಲಿ, ಬೇಕಾದ್ದು ದೂರ. ದೂರಕ್ಕೆ ನೋಡಬೇಕಾದ್ದು ಲೂಮೆನ್ ಅಲ್ಲ, ಒಂದೇ ದಿಕ್ಕಿನ ಬೆಳಕಿನ ತೀವ್ರತೆ ಹೇಳುವ ಕ್ಯಾಂಡೆಲಾ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್, ಅದೂ ಕೊನೆಯಲ್ಲಿ ಹುಣ್ಣಿಮೆ ಬೆಳದಿಂಗಳಷ್ಟೇ. 400 ಮೀಟರ್ ಬೇಕೆಂದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿದಾಗ ಬ್ಯಾಟರಿಗೊಂದು ದಾರ ಕಟ್ಟಿ ಕೈಗೆ ಸುತ್ತಿಕೊಂಡರೆ ಅರ್ಧ ಚಿಂತೆ ಬಗೆಹರಿಯಿತು.

ನ್ಯಾಮತಿಯದು ಬೇರೆಯೇ ಕಥೆ. 2024ರ ಅಕ್ಟೋಬರಿನಲ್ಲಿ ಕಳ್ಳರು ಅಲ್ಲಿನ ಸ್ಟೇಟ್ ಬ್ಯಾಂಕಿನ ಕಿಟಕಿ ಸರಳು ಕತ್ತರಿಸಿ 17 ಕಿಲೋಗೂ ಮೀರಿದ ಬಂಗಾರ ಹೊತ್ತೊಯ್ದರು. ತಿಂಗಳುಗಟ್ಟಲೆ ಜಾಲಾಡಿದ ನಮ್ಮ ಜಿಲ್ಲೆಯ ಪೊಲೀಸರಿಗೆ ಅದು ಸಿಕ್ಕಿದ್ದು 2025ರಲ್ಲಿ, ತಮಿಳುನಾಡಿನ ಉಸಿಲಂಪಟ್ಟಿಯ ಬಾವಿಯೊಳಗೆ. ಕತ್ತಲೆಯಲ್ಲಿ ಕೆಲಸ ಮಾಡುವ ವಿದ್ಯೆ ಪೊಲೀಸರ ಸ್ವಂತ ಆಸ್ತಿಯೇನಲ್ಲ.

ಇನ್ನು ಮಿಲಿಟರಿಯವರ ಅಗತ್ಯ ಪೊಲೀಸರ ಅಗತ್ಯಕ್ಕೆ ತದ್ವಿರುದ್ಧ. ಬೀಟ್ ಪೊಲೀಸರ ಬೆಳಕು ನಾಲ್ಕು ಜನಕ್ಕೆ ಕಾಣಬೇಕು, ಕಂಡರೇ ಕಳ್ಳನಿಗೆ ಭಯ. ಸೈನಿಕನ ಬೆಳಕು ಕಾಣಲೇಬಾರದು. ಕಣ್ಣು ಕತ್ತಲೆಗೆ ಪಳಗಲು 20–30 ನಿಮಿಷ ಬೇಕು. ಬಿಳಿ ಬೆಳಕಿನ ಒಂದು ಕ್ಷಣ ಅದನ್ನೆಲ್ಲ ಹಾಳುಮಾಡುತ್ತದೆ. ನಕ್ಷೆ ಓದಲು ಮಂದವಾದ ಕೆಂಪು ಬೆಳಕು ಬಳಸುವುದು ಅದಕ್ಕೇ. ಎರಡೂ ಇಲಾಖೆಯ ಹೆಸರನ್ನು ಒಟ್ಟಿಗೆ ಹೊತ್ತ ಡಬ್ಬಿ ಕಂಡರೆ ನನಗೆ ಗುಮಾನಿ.

ಕೊನೆಗೆ ಸೆಲ್ಲಿನ ಪ್ರಶ್ನೆ. ಈಗಿನ ಗಟ್ಟಿ ಬ್ಯಾಟರಿಗಳಿಗೆ 18650 ಎಂಬ ಚಾರ್ಜಿನ ಸೆಲ್ಲು, 18 ಮಿಲಿಮೀಟರ್ ದಪ್ಪ, 65 ಉದ್ದ. ಶಕ್ತಿವಂತ, ಆದರೆ ರಾತ್ರಿ ಹನ್ನೊಂದಕ್ಕೆ ಹಳ್ಳಿ ಅಂಗಡಿಯಲ್ಲಿ ಕೇಳಿದರೆ ನಿಮ್ಮ ಮುಖ ನೋಡುತ್ತಾರೆ. ಸಿಗುವುದು ಪೆನ್ಸಿಲ್ ಸೆಲ್ಲೇ. ಇಷ್ಟೆಲ್ಲ ಪುರಾಣವನ್ನು ಪರಿಚಯದ ನಿವೃತ್ತ ದಫೇದಾರರ ಮುಂದೆ ಬಿಚ್ಚಿದೆ. ತಾಳ್ಮೆಯಿಂದ ಕೇಳಿದರು.

“ಎಲ್ಲಾ ಸರಿ ಮೇಷ್ಟ್ರೇ. ಯಾರಿಗಾದ್ರೂ ಕೊಡ್ಸೋದಿದ್ರೆ ದೊಡ್ಡದು ಒಂದು ಬ್ಯಾಡ, ಸಣ್ಣವು ಎರಡು ಕೊಡ್ಸಿ. ಒಂದನ್ನ ಸಾಹೇಬ್ರು ಇಸ್ಕಂತಾರೆ.”