ಬಿಡಲು ಕಾರಣ: ಮದುವೆ

"ಮದುವೆ ಅಂತ ಬರ್ಕಳಿ ಮೇಡಂ."

ಹೇಳಿದವರಿಗೆ ನಲವತ್ತು ದಾಟಿತ್ತು. ನಾಗಮಂಗಲದ ಕಡೆಯವರು. ದೊಡ್ಡ ಮಗಳು ಪಿಯುಸಿ ಓದುತ್ತಿದ್ದಳು. ಮಗಳ ಮದುವೆ ಇರಬೇಕೆಂದುಕೊಂಡು, "ಯಾರ ಮದುವೆ ಅಕ್ಕ?" ಅಂದೆ.

"ನಂದೇ ಅಂತ ಬರ್ಕಳಿ."

ಇಬ್ಬರೂ ನಕ್ಕೆವು. ಆಮೇಲೆ ಅವರು ವಿಷಯ ಬಿಡಿಸಿ ಹೇಳಿದರು. ಕೆಲಸ ಬಿಟ್ಟವರು ಪಿಎಫ್ ದುಡ್ಡು ತೆಗೆಯಬೇಕಾದರೆ ಆಗೆಲ್ಲ ಎರಡು ತಿಂಗಳು ಕಾಯಬೇಕಿತ್ತು. ಮದುವೆಗೆಂದು ಕೆಲಸ ಬಿಡುವ ಹೆಣ್ಣುಮಕ್ಕಳಿಗೆ ಮಾತ್ರ ಆ ಕಾಯುವಿಕೆ ಇರಲಿಲ್ಲ. ಇದು ನಿಯಮದಲ್ಲೇ ಇತ್ತು. ಎಂಎಸ್‌ಡಬ್ಲ್ಯೂ ಮಾಡಿ ಬಂದಿದ್ದ ನನಗೆ ಗೊತ್ತಿರಲಿಲ್ಲ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅವರಿಗೆ ಗೊತ್ತಿತ್ತು. ವ್ಯಾನಿನಲ್ಲಿ ಯಾರೋ ಹೇಳಿದ್ದರಂತೆ. ಇಪ್ಪತ್ತು ವರ್ಷದ ಹಿಂದೆ ಮದುವೆಯಾದವರಿಗೆ ಅದು ಸಿಗುವುದಿಲ್ಲ ಎನ್ನುವುದನ್ನು ಮಾತ್ರ ವ್ಯಾನಿನವರು ಹೇಳಿರಲಿಲ್ಲ.

2015ರಲ್ಲಿ ನಾನು ಶ್ರೀರಂಗಪಟ್ಟಣದ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ವೆಲ್‌ಫೇರ್ ಆಫೀಸರ್ ಆಗಿ ಸೇರಿದೆ. ಐನೂರು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಇಂಥ ಒಬ್ಬರು ಇರಲೇಬೇಕು ಎನ್ನುತ್ತಿತ್ತು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ. ಸಂಬಳ ಕಂಪನಿಯದು, ನೋಡಿಕೊಳ್ಳಬೇಕಾದ್ದು ಕೆಲಸಗಾರರ ಹಿತ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸ ಬಿಟ್ಟು ಹೋಗುವವರನ್ನು ಕೂರಿಸಿಕೊಂಡು ಮಾತಾಡಿ ಫಾರಂ ತುಂಬುವುದು ನನ್ನ ಪಾಲಿಗೆ ಬಂದ ಕೆಲಸಗಳಲ್ಲೊಂದು. ಎಕ್ಸಿಟ್ ಇಂಟರ್‌ವ್ಯೂ ಅಂತ ಅದರ ಹೆಸರು. ಇಂಗ್ಲಿಷಿನ ಒಂದು ಹಾಳೆ. ಬಿಡಲು ಕಾರಣ ಎಂಬ ಕಾಲಮಿನ ಎದುರು ಐದು ಚೌಕ: ಮದುವೆ, ಹೆರಿಗೆ, ಆರೋಗ್ಯ, ಬೇರೆ ಕೆಲಸ, ವೈಯಕ್ತಿಕ. ಕೊನೆಯಲ್ಲಿ 'ಬೇರೇನಾದರೂ ಹೇಳುವುದಿದೆಯೇ' ಎಂದು ಕೇಳಿ ಎರಡು ಗೆರೆ ಖಾಲಿ ಬಿಟ್ಟಿದ್ದರು.

ಮುಕ್ಕಾಲು ಪಾಲು ಫಾರಂಗಳಲ್ಲಿ ನಾನು ಟಿಕ್ ಹಾಕಿದ್ದು ವೈಯಕ್ತಿಕಕ್ಕೆ. ಆ ಎರಡು ಗೆರೆಯಲ್ಲಿ ಬರೆದದ್ದು 'ಇಲ್ಲ'. ತಿಂಗಳ ಕೊನೆಗೆ ಎಲ್ಲ ಸೇರಿಸಿ ಬೆಂಗಳೂರಿನ ಹೆಡ್ ಆಫೀಸಿಗೆ ಕಳಿಸುತ್ತಿದ್ದೆ. ಅಲ್ಲಿ ಅದು ಬಣ್ಣಬಣ್ಣದ ಚಕ್ರವಾಗಿ ಮೀಟಿಂಗಿನಲ್ಲಿ ತಿರುಗಿ ನಮಗೇ ವಾಪಸ್ ಬರುತ್ತಿತ್ತು.

ಹೋಗುವವರಿಗೆ ಇನ್ನೇನು ಭಯ, ನಿಜ ಹೇಳುತ್ತಾರೆ ಎಂಬುದು ಈ ಫಾರಂ ಮಾಡಿದವರ ನಂಬಿಕೆ. ನಮ್ಮ ಕಡೆ ಹೋಗುವವರು 'ಹೋಗ್ತೀನಿ' ಅಂತ ಕೂಡ ಅನ್ನುವುದಿಲ್ಲ, 'ಬತ್ತೀನಿ' ಅನ್ನುತ್ತಾರೆ. ಅದು ಬರೀ ಮಾತಿನ ಪದ್ಧತಿಯಲ್ಲ. ಇವತ್ತು ಬಿಟ್ಟವರು ಪಿಎಫ್ ತೆಗೆದುಕೊಂಡು ಮೂರು ತಿಂಗಳಿಗೆ ಅದೇ ಗೇಟಿಗೆ ಬಂದು ನಿಲ್ಲಬೇಕಾಗಬಹುದು. ಕೊನೆಯ ಸಂಬಳ, ಬೋನಸ್ಸು, ರಜೆಯ ದುಡ್ಡು ಇನ್ನೂ ಕೈಗೆ ಬಂದಿರುವುದಿಲ್ಲ. ಫಾರಂ ತುಂಬಿಸಿಕೊಳ್ಳುವುದು ಆ ಸೆಟ್ಲ್‌ಮೆಂಟಿಗೆ ಮೊದಲು, ತುಂಬುವವಳು ಅದೇ ಆಫೀಸಿನವಳು. ತಂಗಿಯೋ ಓರಗಿತ್ತಿಯೋ ಪಕ್ಕದ ಮನೆಯವಳೋ ಇನ್ನೂ ಅದೇ ಲೈನಿನಲ್ಲಿ ಕೂತು ಹೊಲಿಯುತ್ತಿರುತ್ತಾಳೆ. ಸಾಲದ್ದಕ್ಕೆ ಉಂಡ ಮನೆಗೆ ಎರಡು ಬಗೆಯಬಾರದು ಅಂತ ಬೆಳೆದ ಜೀವಗಳು. 'ಏನಿಲ್ಲ ಬುಡಿ ಮೇಡಂ' ಅನ್ನದೆ ಇನ್ನೇನು ಅಂದಾರು?

ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಬರೆದ 'ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ' ಬಗ್ಗೆ ತರಗತಿಯಲ್ಲಿ ಕೇಳಿದ್ದೆ. ಒಂದು ಕಡೆ ಸರಿಯಿಲ್ಲ ಅನ್ನಿಸಿದರೆ ಮನುಷ್ಯರಿಗೆ ಎರಡು ದಾರಿ: ಹೊರಟುಹೋಗುವುದು, ಇಲ್ಲವೇ ಬಾಯಿ ಬಿಟ್ಟು ಹೇಳುವುದು. ನಮ್ಮ ಫಾರಂ ಮೊದಲನೇ ದಾರಿ ಹಿಡಿದವರನ್ನು ಗೇಟಿನಲ್ಲಿ ತಡೆದು ಎರಡನೆಯದನ್ನೂ ಬಿಟ್ಟಿಯಾಗಿ ಕೊಟ್ಟು ಹೋಗಿ ಅನ್ನುತ್ತಿತ್ತು.

ಅವರು ಕೂಗಿ ಹೇಳಿದ್ದನ್ನು ದೇಶವೇ ಕೇಳಿದ್ದು 2016ರ ಏಪ್ರಿಲ್‌ನಲ್ಲಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಆದೇಶ ಮಾಡಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು. 19ಕ್ಕೇ ಆದೇಶ ವಾಪಸಾಯಿತು. ಆ ವಾರ ನಮ್ಮ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮಲ್ಲಿ ಜಾಸ್ತಿ ಜನ ಯಾಕೆ ಬಿಡುತ್ತಾರೆ ಎಂದು ಹೆಡ್ ಆಫೀಸಿನವರು ತಲೆ ಕೆರೆದುಕೊಳ್ಳುತ್ತಿದ್ದದ್ದು ನನಗೆ ಆಗ ಅರ್ಥವಾಯಿತು. ಜೂನ್‌ನಲ್ಲಿ ಶಾಲೆ ಶುರು. ಫೀಸಿನ ದುಡ್ಡು ಇರುವುದು ಪಿಎಫ್‌ನಲ್ಲಿ. ಅದು ಪೂರ್ತಿ ಕೈಗೆ ಬರಬೇಕಾದರೆ ಕೆಲಸ ಬಿಡಬೇಕು. ಇದರಲ್ಲಿ ಕಂಪನಿಯ ಮೇಲಿನ ಕೋಪವೂ ಇಲ್ಲ, ಪ್ರೀತಿಯೂ ಇಲ್ಲ. ಆ ಐದು ಚೌಕದಲ್ಲಿ ಇದಕ್ಕೊಂದು ಚೌಕವೂ ಇರಲಿಲ್ಲ.

ಆದರೆ ಎಲ್ಲರೂ ಫೀಸಿಗಾಗಿಯೇ ಬಿಡುತ್ತಿರಲಿಲ್ಲ.

ಅದೇ ವರ್ಷದ ಕೊನೆಗೆ, ಒಂದು ಭಾನುವಾರ, ಪಾಂಡವಪುರದಲ್ಲಿ ಕೆ.ಆರ್. ಪೇಟೆ ಬಸ್ಸು ಹತ್ತಿದೆ. "ಬಾರವ್ವ, ಇಲ್ಲಿ ಕೂತ್ಕ" ಎಂದು ಒಬ್ಬರು ಸೆರಗು ಎಳೆದುಕೊಂಡು ಜಾಗ ಮಾಡಿದರು. ನಾಲ್ಕು ತಿಂಗಳ ಹಿಂದೆ ನಾನೇ ಫಾರಂ ತುಂಬಿಸಿ ಕಳಿಸಿದ್ದ ಚೆಕ್ಕರ್. ವೈಯಕ್ತಿಕ. ಬೇರೇನೂ ಹೇಳುವುದಿಲ್ಲ. ಕಾರ್ಖಾನೆಯಲ್ಲಿ ನನ್ನನ್ನು ಮೇಡಂ ಅನ್ನುತ್ತಿದ್ದವರು ಬಸ್ಸಿನಲ್ಲಿ ಅವ್ವ ಅಂದರು. ಅಷ್ಟರಿಂದಲೇ ಮಾತಿನ ದಾರಿ ಬೇರೆಯಾಯಿತು.

ಚಿನಕುರಳಿ ದಾಟುವ ಹೊತ್ತಿಗೆ ನಾನು ಕೇಳಿದೆ: "ಅಕ್ಕ, ಐದು ವರ್ಷಕ್ಕೆ ಇನ್ನು ಏಳು ತಿಂಗಳು ಇತ್ತಲ್ಲ. ಗ್ರ್ಯಾಚುಟಿನಾದ್ರೂ ಸಿಕ್ತಿತ್ತು."

"ಗೊತ್ತಿತ್ತು ಕಣವ್ವ. ಏಳು ತಿಂಗಳು ನೀರು ಕುಡೀದೆ ಇರಕ್ಕಾಯ್ತದಾ?"

ನನಗೆ ಅರ್ಥವಾಗಲಿಲ್ಲ. ಅವರು ಹೇಳಿದರು. ಫಿನಿಷಿಂಗ್ ಸೆಕ್ಷನ್ನಿನಲ್ಲಿ ಟಾಯ್ಲೆಟ್ಟಿಗೆ ಹೋಗಲು ಟೋಕನ್ ಇತ್ತು, ನಲವತ್ತು ಜನಕ್ಕೆ ಎರಡು. ಟೋಕನ್ ಇರುತ್ತಿದ್ದದ್ದು ಫ್ಲೋರ್ ಇನ್‌ಚಾರ್ಜ್ ಮೇಜಿನ ಮೇಲೆ. ಹೋಗಿ ಕೇಳಬೇಕು, ಎಲ್ಲರೆದುರು ಆತ ಗಡಿಯಾರ ನೋಡಬೇಕು, ಆಮೇಲೆ ಒಂದು ಮಾತು ಅನ್ನಬೇಕು. ಆ ಮಾತಿಗೆ ಹೆದರಿ ಇವರು ಮನೆಯಿಂದ ತಂದ ಬಾಟಲಿಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. ಬೆಳಿಗ್ಗೆ ವ್ಯಾನ್ ಹತ್ತಿದರೆ ಸಂಜೆ ಮನೆ ಸೇರುವವರೆಗೆ ಹಾಗೇ. ಎರಡು ಸಲ ಉರಿಮೂತ್ರವಾಗಿ ಮಂಡ್ಯದಲ್ಲಿ ತೋರಿಸಿಕೊಂಡು ಬಂದಿದ್ದರು. ಎರಡನೇ ಸಲ ಡಾಕ್ಟರು ನೀರು ಕುಡಿಯಲೇಬೇಕು ಅಂದಾಗ, ಹಾಗಾದರೆ ಕೆಲಸ ಬಿಡಬೇಕು ಅಂತ ತೀರ್ಮಾನ ಮಾಡಿದ್ದರು.

"ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳವಾ ಅಂದ್ಕಂಡೇ ಬಂದೆ. ನಿನ್ನ ಬೆನ್ನ ಹಿಂದ್ಗಡೆ ಗಾಜಿನ ಆಚೆ ಅವ್ನೇ ನಿಂತಿದ್ನಲ್ಲವ್ವ."

ನನ್ನ ಕುರ್ಚಿ ಗಾಜಿಗೆ ಬೆನ್ನು ಮಾಡಿತ್ತು. ಒಂದೂವರೆ ವರ್ಷ ನಾನು ಕೂತ ಜಾಗ. ಎದುರು ಕೂತವರಿಗೆ ಏನು ಕಾಣುತ್ತದೆಂದು ಒಂದು ದಿನವೂ ಎದ್ದು ಹೋಗಿ ನೋಡಿರಲಿಲ್ಲ.

ಸೋಮವಾರ ಮೊದಲು ಕುರ್ಚಿ ತಿರುಗಿಸಿದೆ. ಆಮೇಲೆ ಒಂದು ವರದಿ ಬರೆದೆ. ನನ್ನ ತಪ್ಪು ಆದದ್ದು ಅಲ್ಲಿಯೇ. ನಂಬಿಕೆ ಬರಲಿ ಎಂದು 'ಕೆ.ಆರ್. ಪೇಟೆ ವ್ಯಾನಿನ, ಫಿನಿಷಿಂಗ್ ಸೆಕ್ಷನ್ನಿನ, ಇತ್ತೀಚೆಗೆ ಬಿಟ್ಟ ಒಬ್ಬ ಚೆಕ್ಕರ್' ಎಂದು ಬರೆದೆ. ಹೆಸರು ಬರೆದಿಲ್ಲವಲ್ಲ ಎಂಬ ಧೈರ್ಯ. ಊರು, ವ್ಯಾನು, ಸೆಕ್ಷನ್ನು ಮೂರೂ ಹೇಳಿದ ಮೇಲೆ ನಮ್ಮ ಕಡೆ ಹೆಸರು ಯಾತಕ್ಕೆ ಬೇಕು? ಯಾರೆಂದು ಫ್ಲೋರಿನಲ್ಲಿ ಆವತ್ತೇ ಗೊತ್ತಾಯಿತು. ಅವರ ಓರಗಿತ್ತಿ ಇನ್ನೂ ಅಲ್ಲೇ ಕೆಲಸಕ್ಕಿದ್ದಳು. ಅವಳನ್ನು ಚೆಕಿಂಗ್ ಟೇಬಲ್ಲಿನಿಂದ ಎಬ್ಬಿಸಿ ಇಸ್ತ್ರಿ ಟೇಬಲ್ಲಿಗೆ ಹಾಕಿದರು. ಹಬೆ, ಉರಿ, ನಿಂತೇ ಇರುವ ಕೆಲಸ. ನನಗೆ ತಿಳಿದಾಗ ಎರಡು ವಾರವಾಗಿತ್ತು. ಅವಳನ್ನು ಹಳೇ ಜಾಗಕ್ಕೆ ತರುವಷ್ಟರಲ್ಲಿ ಅವಳೂ ಬಿಟ್ಟಳು. ಅವಳ ಫಾರಂ ತುಂಬಿದವಳೂ ನಾನೇ. ವೈಯಕ್ತಿಕ.

ಆ ಅಕ್ಕ ಫೋನ್ ಮಾಡಿದರು. ಬಯ್ಯಲಿಲ್ಲ. "ನೀನು ಹೇಳಬಾರದಾಗಿತ್ತು ಅಂತಲ್ಲ ಕಣವ್ವ. ನನ್ನ ಒಂದು ಮಾತು ಕೇಳಿ ಹೇಳಬೇಕಾಗಿತ್ತು."

ಟೋಕನ್ ಕೊನೆಗೆ ಹೋಯಿತು. ನನ್ನ ವರದಿಯಿಂದಲ್ಲ, ಮೂರು ತಿಂಗಳಾದ ಮೇಲೆ ವಿದೇಶಿ ಖರೀದಿದಾರರ ಆಡಿಟ್ ಬರುತ್ತದೆ ಎಂದು. ಇನ್‌ಚಾರ್ಜ್‌ನನ್ನು ಬೇರೆ ಫ್ಲೋರಿಗೆ ಹಾಕಿದರು. ಆ ಫ್ಲೋರಿನವರು ಏನಾದರೋ ಎಂದು ಆಗ ನಾನೂ ವಿಚಾರಿಸಲಿಲ್ಲ.

ಅಲ್ಲಿಂದ ಮುಂದೆ ಎರಡು ವರ್ಷ ಬೇರೆ ರೀತಿ ಕೇಳಿದೆ. ಫಾರಂ ಹೇಗಿದ್ದರೂ ತುಂಬಲೇಬೇಕಿತ್ತು, ತುಂಬುತ್ತಿದ್ದೆ. ನಿಜವಾದ ಮಾತಿಗೆ ಮಾತ್ರ ಸೆಟ್ಲ್‌ಮೆಂಟಿನ ದುಡ್ಡು ಅವರ ಖಾತೆಗೆ ಬಿದ್ದು ಒಂದು ತಿಂಗಳಾದ ಮೇಲೆ, ಸಂಜೆ ಅಡುಗೆ ಮುಗಿಯುವ ಹೊತ್ತು ನೋಡಿ ಫೋನ್ ಮಾಡುತ್ತಿದ್ದೆ. ಯಾಕೆ ಬಿಟ್ಟಿರಿ ಎಂದು ಕೇಳುವುದನ್ನು ನಿಲ್ಲಿಸಿದೆ. ಯಾಕೆ ಅಂದರೆ ಜನ ಉತ್ತರ ಕಟ್ಟುತ್ತಾರೆ, ಅದೂ ಕೇಳುವವರಿಗೆ ಬೇಜಾರಾಗದಂಥ ಉತ್ತರ. ಕೊನೇ ವಾರ ಹೇಗೆ ಕಳೀತು ಅಂದರೆ ಸೋಮವಾರದಿಂದ ಶುರುಮಾಡಿ ಶನಿವಾರದವರೆಗೆ ಹೇಳುತ್ತಾ ಹೋಗುತ್ತಾರೆ, ಕಾರಣ ಬುಧವಾರದ ಹತ್ತಿರ ಎಲ್ಲೋ ತಾನಾಗಿ ಬಂದುಬಿಡುತ್ತದೆ. ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ: "ನಾಳೆ ನಿಮ್ಮ ತಂಗಿ ಇಲ್ಲಿಗೇ ಸೇರ್ತೀನಿ ಅಂದ್ರೆ ಏನು ಹೇಳಿ ಕಳಿಸ್ತೀರ?" ಇದಕ್ಕೆ 'ಏನಿಲ್ಲ ಬುಡಿ' ಅಂದವರು ನನಗೆ ನೆನಪಿಲ್ಲ. ಮೂರನೇ ಲೈನ್ ಕೊಟ್ರೆ ಒಪ್ಕಬ್ಯಾಡ ಅಂತೀನಿ. ವ್ಯಾನಲ್ಲಿ ಡ್ರೈವರ್ ಪಕ್ಕದ ಸೀಟಲ್ಲಿ ಕೂರಬ್ಯಾಡ ಅಂತೀನಿ. ಕ್ರಷ್ ಐತೆ, ಮಗೀನ ಬುಟ್ಟು ಧೈರ್ಯವಾಗಿ ಹೋಗು, ಆಯಮ್ಮ ಒಳ್ಳೇವ್ರು ಅಂತೀನಿ. ಹೌದು, ಒಳ್ಳೆಯದೂ ಬರುತ್ತಿತ್ತು. ಆ ಚೌಕಗಳಲ್ಲಿ ಅದಕ್ಕೂ ಜಾಗವಿರಲಿಲ್ಲ.

ಕೇಳುತ್ತಾ ಕೇಳುತ್ತಾ ಒಂದೊಂದು ತಾಲ್ಲೂಕಿನವರು ಬಿಡುವ ಬಗೆಯೂ ಬೇರೆ ಎಂದು ಗೊತ್ತಾಯಿತು. ಶ್ರೀರಂಗಪಟ್ಟಣದ ಹೆಣ್ಣುಮಕ್ಕಳಿಗೆ ಮೈಸೂರು ಹತ್ತಿರ, ಬೇರೆ ಕೆಲಸ ಸಿಗುತ್ತದೆ. ಅವರೇ ಬೇಗ ಬಿಡುವವರು, ಮುಖಕ್ಕೇ ಹೇಳುವವರೂ ಅವರೇ. ನಾಲೆ ನೀರಿನ ಪಾಂಡವಪುರದ ಕಡೆಯವರು ಗದ್ದೆ ನಾಟಿ, ಕಬ್ಬಿನ ಕೆಲಸಕ್ಕೆ ಹೊಂದಿಸಿಕೊಂಡು ಬಂದು ಹೋಗುವವರು. ಕೆ.ಆರ್. ಪೇಟೆಯವರದು ದೂರದ ತಾಪತ್ರಯ. ವ್ಯಾನ್ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತಿತ್ತು, ತಡ ಮಾಡಿದ ವ್ಯಾನು ಕಂಪನಿಯದೇ ಆದರೂ. ನಾಗಮಂಗಲದ ಬೆದ್ದಲಿನವರು ಏನೇ ಆದರೂ ಬಿಡುವವರಲ್ಲ. 2015ರಲ್ಲಿ ಜಿಲ್ಲೆಯಲ್ಲಿ ಒಂದರ ಮೇಲೊಂದು ರೈತರ ಆತ್ಮಹತ್ಯೆಯ ಸುದ್ದಿ ಬರುತ್ತಿದ್ದಾಗ, ಅವರ ಎಷ್ಟೋ ಮನೆಗಳಲ್ಲಿ ತಿಂಗಳಿಗೊಮ್ಮೆ ಖಾತ್ರಿಯಾಗಿ ಬರುತ್ತಿದ್ದ ದುಡ್ಡು ಇದೊಂದೇ. ನಾಗಮಂಗಲದ ಒಬ್ಬರು ಬಿಟ್ಟರು ಎಂದರೆ ಒಳಗೆ ಏನೋ ದೊಡ್ಡದೇ ಆಗಿದೆ ಎಂದು ಹುಡುಕಲು ಶುರುಮಾಡುತ್ತಿದ್ದೆ. ಒಂದೇ ವಿಷಯವನ್ನು ಬೇರೆ ಬೇರೆ ತಾಲ್ಲೂಕಿನ ನಾಲ್ಕೈದು ಜನ ಹೇಳುವವರೆಗೆ ಬರೆಯುತ್ತಿರಲಿಲ್ಲ. ಬರೆದಾಗ ಊರು, ವ್ಯಾನು ಬಿಡುತ್ತಿದ್ದೆ. ಬರೆಯಲೋ ಎಂದು ಅವರನ್ನೇ ಕೇಳುತ್ತಿದ್ದೆ. 'ಬ್ಯಾಡ' ಅಂದವರದು ಇವತ್ತಿಗೂ ನನ್ನಲ್ಲೇ ಇದೆ.

2018ರ ಕೊನೆಗೆ ನಾನೂ ಬಿಟ್ಟೆ. ಬೆಂಗಳೂರಿನಿಂದ ಬಂದ ಹುಡುಗನೊಬ್ಬ ಅದೇ ಹಾಳೆ ಮುಂದಿಟ್ಟ. ಗಾಜಿನ ಆಚೆ ಯಾರೂ ನಿಂತಿರಲಿಲ್ಲ. ಆದರೂ ಟಿಕ್ ಹಾಕಿದ್ದು ಐದನೇ ಚೌಕಕ್ಕೇ. ಮುಂದಿನ ಕಡೆ ಎಕ್ಸ್‌ಪೀರಿಯೆನ್ಸ್ ಲೆಟರ್ ಬೇಕಿತ್ತು.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋತಿಂಗ್ ಕಂಪನಿ-2 ಮುಚ್ಚಿತು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕ, ನಾನಿದ್ದ ಕಾರ್ಖಾನೆಯಲ್ಲ. ಸಾವಿರದ ಇನ್ನೂರಕ್ಕೂ ಹೆಚ್ಚು ಜನ, ಬಹುಪಾಲು ಹೆಣ್ಣುಮಕ್ಕಳು, ಕೊರೊನಾ ಕಾಲದಲ್ಲಿ ವಾರಗಟ್ಟಲೆ ಧರಣಿ ಕೂತರು. ಮೊಬೈಲಿನಲ್ಲಿ ಆ ಫೋಟೋಗಳನ್ನು ನೋಡುವಾಗ ಗುರುತಿನ ಮುಖ ಇದೆಯೇ ಎಂದು ಹುಡುಕಿದೆ. ಕೆಲಸಗಾರರು ಬಿಟ್ಟರೆ ಕಾರಣ ಕೇಳುವ ಫಾರಂ ಇದೆ. ಕಾರ್ಖಾನೆಯೇ ಅವರನ್ನು ಬಿಟ್ಟರೆ ಅವರು ಯಾವ ಚೌಕ ತೋರಿಸಿ ಕೇಳುವುದು?

ಕೆ.ಆರ್. ಪೇಟೆಯ ಅಕ್ಕ ಕಳೆದ ವರ್ಷ ಫೋನ್ ಮಾಡಿದ್ದರು. ಓರಗಿತ್ತಿಯ ಆ ಗಲಾಟೆಯಾದ ಮೇಲೆ ಬಹಳ ದಿನ ನನ್ನ ಫೋನ್ ಎತ್ತಿರಲಿಲ್ಲ. ಮಗಳದು ಬಿ.ಕಾಂ. ಮುಗಿದಿದೆಯಂತೆ, ಗಾರ್ಮೆಂಟ್ಸ್ ಒಂದರ ಆಫೀಸಿನಲ್ಲಿ ಕೆಲಸ ಸಿಕ್ಕಿದೆಯಂತೆ, ಎಚ್ಆರ್ ಅಂತ.

"ಏನು ಹೇಳಿ ಕಳಿಸ್ಲವ್ವ?" ಅಂದರು.

ಕುರ್ಚಿ ಎಲ್ಲಿ ಹಾಕಿದ್ದಾರೆ ನೋಡಿಕೊಳ್ಳಲಿ ಅಂದೆ. ಆಕಡೆಯಿಂದ ನಗು ಕೇಳಿಸಿತು. ಆಮೇಲೆ, ನೀರಿನ ಬಾಟಲಿ ಎಷ್ಟು ಲೀಟರಿನದು ಕೊಂಡರೆ ಒಳ್ಳೆಯದು ಎಂದು ಕೇಳಿದರು.