ಗಾಜಿನ ತೊಟ್ಟಿಯ ಅಗಲ

ಕಾಮಸಮುದ್ರದ ನಿವೃತ್ತ ಉಪಾಧ್ಯಾಯರೊಬ್ಬರು ಒಮ್ಮೆ ಬೆಂಗಳೂರಿನಿಂದ ರೈಲಿನಲ್ಲಿ ಮರಳುವಾಗ, ನೀರು ತುಂಬಿದ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರು. ಮೊಮ್ಮಗನಿಗೆ ಮಾತು ಕೊಟ್ಟಿದ್ದರು. ಚೀಲದೊಳಗೆ ನಾಲ್ಕು ಮೀನುಮರಿಗಳಿದ್ದುವು; ಒಂದೊಂದೂ ಎರಡಂಗುಲ, ಕಪ್ಪು ಮೈಯ ಮೇಲೆ ಕೆಂಡದ ಗೆರೆ. ಆಸ್ಕರ್ ಎಂದು ಹೆಸರು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಯನ್ನೂ ಅಂಗಡಿಯವನೇ ಕೊಟ್ಟಿದ್ದನು. ಈ ಮರಿ ಬೆಳೆದರೆ ಎಷ್ಟಾಗುವುದೆಂದು ಮೇಷ್ಟ್ರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕರುವನ್ನು ಕೊಳ್ಳುವವನು ಅದರ ತಾಯಿಯನ್ನು ನೋಡಿ ಕೊಳ್ಳುತ್ತಾನೆ. ಮೀನಿನ ವಿಷಯದಲ್ಲಿ ಮಾತ್ರ ಈ ವಿವೇಕವು ಎಲ್ಲಿ ಅಡಗುವುದೋ!

ಆಸ್ಕರ್ ಎಂಬುದು ಅಮೆಜಾನ್ ನದಿಯ ಸೀಮೆಯದು. ಸಿಕ್ಲಿಡ್ ಎಂಬ ದೊಡ್ಡ ಕುಲಕ್ಕೆ ಸೇರಿದುದು. ಎಳೆಯದರಲ್ಲಿ ತಿಂಗಳಿಗೆ ಹೆಚ್ಚು ಕಡಿಮೆ ಒಂದಂಗುಲದಂತೆ ಬೆಳೆದು, ಒಂದಡಿಯವರೆಗೂ ಮುಟ್ಟುವುದುಂಟು. ಎರಡಂಗುಲದ್ದು ಹನ್ನೆರಡಂಗುಲವಾದರೆ ಆರರಷ್ಟಾಯಿತು ಎಂದುಕೊಳ್ಳುವುದು ಸಹಜ. ಆದರೆ ಉದ್ದದೊಡನೆ ಅಗಲವೂ ದಪ್ಪವೂ ಬೆಳೆಯುವುದರಿಂದ, ಆರರ ಘನದಷ್ಟು, ಎಂದರೆ 216 ಪಾಲು ತೂಕವಾಯಿತು. ಲೆಕ್ಕದ ಮೇಷ್ಟ್ರಿಗೇ ಈ ಲೆಕ್ಕವು ತಡವಾಗಿ ಹೊಳೆಯಿತೆಂಬುದನ್ನು ಅವರ ಮನೆಯಾಕೆ ಇಂದಿಗೂ ಮರೆತಿಲ್ಲ.

ನಾಲ್ಕನೆಯ ತಿಂಗಳಲ್ಲಿ ನೀರು ಒಂದೇ ರಾತ್ರಿಗೆ ಗಂಜಿಯಂತೆ ಬೆಳ್ಳಗಾಗಿ, ಒಂದು ಮೀನು ಸತ್ತಿತು. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯವನ್ನು ಅರಗಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿಯೂ ಕಲ್ಲುಮರಳಿನಲ್ಲಿಯೂ ನೆಲಸಿರುತ್ತವೆ. ಆ ಪುಟ್ಟ ತೊಟ್ಟಿಯಲ್ಲಿ ಅವುಗಳ ಶಕ್ತಿಗೆ ಮೀರಿದ ಹೊರೆ ಬಿದ್ದಿತ್ತು. ಅಂದಿನಿಂದ ದಿನ ಬಿಟ್ಟು ದಿನ ಅರ್ಧ ನೀರನ್ನು ಬದಲಿಸುವುದು ಮೇಷ್ಟ್ರ ವ್ರತವಾಯಿತು. ವಾರಕ್ಕೆ ಸುಮಾರು ಆರು ಕೊಡ! ಕೋಲಾರ ಸೀಮೆಯಲ್ಲಿ ಕೊಡ ನೀರಿನ ಬೆಲೆ ಏನೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಬತ್ತದ ಹೊಳೆಯೊಂದಿಲ್ಲ, ಪಾಲಾರು ಮಳೆ ಬಂದಾಗ ಮಾತ್ರ ನದಿ. “ಮನುಷ್ಯರಿಗೇ ನೀರಿಲ್ಲ, ನಿಮ್ಮ ಮೀನಿಗೆ ಆರು ಕೊಡವೇ?” ಎಂದು ಆಕೆ ಕೇಳಿದುದರಲ್ಲಿ ತಪ್ಪೇನೂ ಇರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಉಳಿದ ಮೂರೂ ಗೇಣುದ್ದವನ್ನು ಮೀರಿದ್ದುವು. ಒಂದಡಿ ಅಗಲದ ತೊಟ್ಟಿಯಲ್ಲಿ ಅವು ಸರಾಗವಾಗಿ ತಿರುಗಲಾರದೆ, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಬಾಲವನ್ನು ಗಾಜಿಗೆ ಸವರಿಕೊಂಡು ಹೊರಳುತ್ತಿದ್ದುವು. ಹುಡುಗನು ಅದನ್ನು ದಿಟ್ಟಿಸುತ್ತಿದ್ದು ಒಂದು ದಿನ, “ತಾತ, ಇದಕ್ಕೆ ಇದು ಜೈಲೇ?” ಎಂದನು. ಮೇಷ್ಟ್ರು ಆ ರಾತ್ರಿ ಊಟವನ್ನು ಸರಿಯಾಗಿ ಮಾಡಲಿಲ್ಲ.

“ಕೆರೆಗೆ ಬಿಟ್ಟುಬಿಡಿ ಮೇಷ್ಟ್ರೇ, ಪುಣ್ಯ ಬರುತ್ತದೆ” ಎಂದು ನೆರೆಯವರು ಹೇಳಿದರು. ಬಕೆಟ್ಟಿನಲ್ಲಿ ಮೀನುಗಳನ್ನು ತುಂಬಿಕೊಂಡು ಅವರು ಬೆಳಗಿನ ಜಾವ ಕೆರೆಯ ಏರಿಯವರೆಗೂ ಹೋದದ್ದು ನಿಜ. ಅಲ್ಲಿ ಬಲೆ ಎಳೆಯುತ್ತಿದ್ದವರ ಬುಟ್ಟಿಯಲ್ಲಿ ಬಹುಪಾಲು ಜಿಲೇಬಿ ಮೀನುಗಳೇ ಇದ್ದುವು. “ಕೊರಮೀನು ಎಲ್ಲಿ ಸ್ವಾಮಿ ಈಗ?” ಎಂದು ಮುದುಕನೊಬ್ಬನು ಬಲೆ ಕೊಡವಿದನು. ಜಿಲೇಬಿಯೂ ಸಿಕ್ಲಿಡ್ ಕುಲದ್ದೇ. ಆಫ್ರಿಕದ ಈ ಮೀನನ್ನು 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದರು. ತಾಯಿಯು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಸಂತತಿಗೆ ನಷ್ಟ ಕಡಿಮೆ. ವರ್ಷಕ್ಕೆ ಹಲವು ಬಾರಿ ಮರಿಮಾಡಿ ಕೆರೆಗಳನ್ನು ತುಂಬಿಕೊಂಡಿತು. ಆಸ್ಕರ್ ಮೀನೂ ಅಮೆರಿಕದ ಫ್ಲಾರಿಡ ಪ್ರಾಂತದ ಕಾಲುವೆಗಳಲ್ಲಿ ಹೀಗೆಯೇ ನೆಲೆಯೂರಿದೆ; ಸಣ್ಣ ಮೀನುಗಳನ್ನು ನುಂಗುವುದರಲ್ಲಿ ಅದಕ್ಕೆ ಸಂಕೋಚವಿಲ್ಲ. ಮೇಷ್ಟ್ರು ಬುಟ್ಟಿಯನ್ನು ನೋಡಿದರು, ಬಕೆಟ್ಟನ್ನು ನೋಡಿದರು. ಬಕೆಟ್ಟನ್ನು ಹೊತ್ತುಕೊಂಡು ಹಿಂದಿರುಗಿದರು. ಬರುವಾಗ ಅದು ಹೋಗುವಾಗಿಗಿಂತ ಭಾರವಾಗಿತ್ತೆಂದು ಅವರ ಹೇಳಿಕೆ.

ರಾಬರ್ಟ್‌ಸನ್‌ಪೇಟೆಯಲ್ಲಿ ಅವರ ಹಳೆಯ ಶಿಷ್ಯನೊಬ್ಬನಿದ್ದನು. ಅವನ ತಂದೆ 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿ ದುಡಿದವರು. ಕೆಲಸ ಹೋದ ಮೇಲೆ ಬೇಸರ ಕಳೆಯಲು ಅಂಗಳದಲ್ಲಿ ಎಂಟಡಿಯ ಸಿಮೆಂಟು ತೊಟ್ಟಿಯನ್ನು ಕಟ್ಟಿ ಮೀನು ಸಾಕಿದ್ದರು. ಎರಡು ಆಸ್ಕರ್‌ಗಳು ಅಲ್ಲಿಗೆ ಹೋದುವು. ಶಿಷ್ಯನು ಈಗ ಗುರುವಾದನು: ತೊಟ್ಟಿಯ ಉದ್ದವನ್ನಲ್ಲ, ಅಗಲವನ್ನು ಮೊದಲು ಅಳೆಯಿರಿ, ಬೆಳೆದ ಮೀನಿನ ಉದ್ದಕ್ಕಿಂತ ಅದು ಧಾರಾಳವಾಗಿ ಹೆಚ್ಚಿರಬೇಕು ಎಂದನು. ಒಂದು ಆಸ್ಕರಿಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ತೀರ ಕನಿಷ್ಠ. ಜೋಡಿಗೆ ಆರಡಿ ಲೇಸು. ಜಾಗ್ವಾರ್ ಎಂಬುದು 40 ಸೆಂಟಿಮೀಟರನ್ನೂ ಮುಟ್ಟಬಲ್ಲ ಜಗಳಗಂಟಿ. ಅದರ ಆಸೆಯನ್ನು ಸಾಮಾನ್ಯ ಮನೆಯವರು ಬಿಡತಕ್ಕದ್ದು. ದೊಡ್ಡ ಮೀನಿನ ಗಾಂಭೀರ್ಯವೇ ಬೇಕೆಂದರೆ 20 ಸೆಂಟಿಮೀಟರಿನ ಸೆವೆರಮ್ ಉಂಟು. ತೊಟ್ಟಿ ಮೂರಡಿಯದಾದರೆ 15ರ ಆಸುಪಾಸಿನ ನೀಲಿ ಅಕಾರ ಸಾಕು.

ಎರಡಡಿಯ ತೊಟ್ಟಿಯೇ ಉಳ್ಳವರು ದೂರದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಭಾರತಕ್ಕೆ ಸ್ವಂತವಾದ ಸಿಕ್ಲಿಡ್‌ಗಳು ಮೂರೇ. ಕೇರಳದವರು ಕರಿಮೀನ್ ಎಂದು ಕೊಂಡಾಡುವುದು ಒಂದು. ಅದು ದೊಡ್ಡದು, ಸೌಳು ನೀರನ್ನು ಮೆಚ್ಚುವುದು. ಎರಡನೆಯದು ದಕ್ಷಿಣ ಕನ್ನಡದ ಹೊಳೆಗಳದ್ದು; 1877ರಲ್ಲಿ ಫ್ರಾನ್ಸಿಸ್ ಡೇ ಎಂಬವರು ಅದನ್ನು ವರ್ಣಿಸಿ ಕೆನರಾ ಸೀಮೆಯ ಹೆಸರನ್ನೇ ಇಟ್ಟರು. ಅದು ವಿರಳ, ಹೊಳೆಯಿಂದ ಹಿಡಿದು ತರುವುದು ಸಲ್ಲದು. ಮೂರನೆಯದು ಎಂಟು ಸೆಂಟಿಮೀಟರಿನ ಕಿತ್ತಳೆ ಬಣ್ಣದ ಪುಟ್ಟ ಮೀನು. ತಂದೆತಾಯಿಗಳಿಬ್ಬರೂ ಮರಿಗಳನ್ನು ಕಾಯುತ್ತವೆ. ಮರಿಗಳು ಅವುಗಳ ಮೈಯ ಲೋಳೆಯನ್ನು ಮೇಯುತ್ತವೆ. ಕೋಲಾರದ ಕೊಳವೆಬಾವಿಯ ಗಡಸು ನೀರು ಅದಕ್ಕೆ ಒಗ್ಗುತ್ತದೆ.

ಮೇಷ್ಟ್ರು ಒಂದು ಆಸ್ಕರನ್ನು ಮಾತ್ರ ಉಳಿಸಿಕೊಂಡರು, ಹುಡುಗನು ಬಿಡಲಿಲ್ಲ. ಅದಕ್ಕೆ ನಾಲ್ಕಡಿಯ ತೊಟ್ಟಿ ಬಂದಿತು. ನೀರು, ಗಾಜು, ಕಲ್ಲು ಸೇರಿ 300 ಕಿಲೋ ತೂಗುವುದರಿಂದ ಕಬ್ಬಿಣದ ನಿಲುವನ್ನು ಮಾಡಿಸಿ, ಗೋಡೆಯ ಬದಿಯ ಕಲ್ಲುಚಪ್ಪಡಿಯ ಮೇಲೆ ಅದನ್ನು ನಿಲ್ಲಿಸಿದರು. ಈಗ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು, ನಾಲ್ಕು ಕೊಡ. ದೊಡ್ಡ ತೊಟ್ಟಿಗೆ ಚಿಕ್ಕದಕ್ಕಿಂತ ಕಡಿಮೆ ಎಂಬುದನ್ನು ಮನೆಯಾಕೆ ನಂಬಲು ಒಂದು ತಿಂಗಳು ಹಿಡಿಯಿತು. ತೆಗೆದ ನೀರನ್ನು ಆಕೆ ಹಿತ್ತಲಿನ ಕರಿಬೇವಿಗೆ ಹೊಯ್ಯುತ್ತಾರೆ. ಗಿಡವು ಗೊಬ್ಬರ ಕಂಡಂತೆ ಚಿಗುರಿದ ಮೇಲೆ, ಭಾನುವಾರ ಬೆಳಗಾದರೆ, “ಮೀನಿನ ನೀರು ತೆಗೆದಿರಾ?” ಎಂದು ಕೇಳುವವರು ಆಕೆಯೇ.